ಖರ್ಚು ಎಲ್ಲಿದೆ?

ಮಾನ್ಯ ಸಂಪಾದಕರೇ,

ಅಂಗವಿಕಲ ಚಾಲಕರಿಗೆ ಪಾರ್ಕಿಂಗ್ ಜಾಗ ಕೇಳಿದರೆ ‘ಖರ್ಚು ಜಾಸ್ತಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಾನು ವೀಲ್‌ಚೇರ್ ಬಳಸುವವನು, ಕಾರು ನಾನೇ ಓಡಿಸುತ್ತೇನೆ. ಬಾಗಿಲು ಪೂರ್ತಿ ತೆರೆದು, ಪಕ್ಕದ ಸೀಟಿನಿಂದ ಚೇರ್ ಎಳೆದು, ಒಂದೊಂದೇ ಚಕ್ರ ಸಿಕ್ಕಿಸಿ ಇಳಿಯಬೇಕು. ಅದಕ್ಕೆ ಮಾಮೂಲಿ 2.5 ಮೀಟರ್ ಅಗಲ ಸಾಲದು, ಸುಮಾರು 3.6 ಮೀಟರ್ ಬೇಕು. ನಡುವೆ ಒಂದು ಪಟ್ಟಿ ಖಾಲಿ ಬಿಟ್ಟರೆ ಎರಡು ಕಾರಿಗೂ ಆಯಿತು. ಹೊಸ ಕಟ್ಟಡದಲ್ಲಿ ಇದು ಸ್ವಲ್ಪ ಜಾಗ, ಬಣ್ಣ, ಒಂದು ಬೋರ್ಡು. ಅಷ್ಟೇ ಅಲ್ವಾ?

ಹಳೆಯ ಕಟ್ಟಡದ ಮಾತು ಬೇರೆ, ಒಪ್ಪುತ್ತೇನೆ. ಪಾರ್ಕಿಂಗ್‌ನಿಂದ ಒಳಗೆ ಹೋಗುವಲ್ಲಿನ 15 ಸೆಂ.ಮೀ. ಮೆಟ್ಟಿಲಿಗೆ 1:12 ಇಳಿಜಾರು (ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ) ಎಂದರೆ 1.8 ಮೀಟರ್ ಉದ್ದದ ರ‍್ಯಾಂಪ್. ಒಡೆದು ಕಟ್ಟಬೇಕು. ಅದಕ್ಕೇ ನಕ್ಷೆ ಬರೆಯುವಾಗಲೇ ಸೇರಿಸಿ ಎನ್ನುವುದು. ಇನ್ನು ನಮಗೆಂದು ಬಿಟ್ಟ ಪಾರ್ಕಿಂಗ್ ಜಾಗದಲ್ಲಿ ಬೈಕು ನಿಲ್ಲಿಸಿ ‘ಐದೇ ನಿಮಿಷ’ ಎನ್ನುವವರಿಗೆ ಏನು ಹೇಳೋಣ?

– ಒಬ್ಬ ಓದುಗ