ಬೆನ್ನಿನ ಮೇಲಿರುವುದು ಆಮ್ಲಜನಕದ ಸಿಲಿಂಡರ್ ಅಲ್ಲ

ಮಾನ್ಯರೇ,

ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ಬಗ್ಗೆ ಬರೆಯುವವರು ‘ಬೆನ್ನಿಗೆ ಆಮ್ಲಜನಕದ ಸಿಲಿಂಡರ್ ಕಟ್ಟಿಕೊಂಡು’ ಎನ್ನುವುದು ರೂಢಿಯಾಗಿಬಿಟ್ಟಿದೆ. ಅದರಲ್ಲಿರುವುದು ಒತ್ತಿ ತುಂಬಿದ ಮಾಮೂಲಿ ಗಾಳಿ. ಶುದ್ಧ ಆಮ್ಲಜನಕ ಉಸಿರಾಡುತ್ತ 6 ಮೀಟರ್ ದಾಟಿದರೆ ಪ್ರಾಣಕ್ಕೇ ಅಪಾಯ. ದಯವಿಟ್ಟು ‘ಗಾಳಿಯ ಸಿಲಿಂಡರ್’ ಎಂದೇ ಬರೆಯಿರಿ. ‘ಆಮ್ಲಜನಕ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂಬ ನಂಬಿಕೆ ನೈಟ್ರಾಕ್ಸ್ (ಆಮ್ಲಜನಕದ ಪಾಲು ಹೆಚ್ಚಿಸಿದ ಗಾಳಿ) ಬಳಸಲು ಕಲಿಯಬಂದವರಲ್ಲೂ ಇದೆ.

ಗಾಳಿಯಲ್ಲಿ ಆಮ್ಲಜನಕ ಶೇ 21. ನೈಟ್ರಾಕ್ಸ್‌ನಲ್ಲಿ ಸಾಮಾನ್ಯವಾಗಿ ಶೇ 32 ಅಥವಾ 36. ಸಾರಜನಕ ಕಡಿಮೆ ಇರುವುದರಿಂದ ಮೈಗೆ ಸೇರುವುದೂ ಕಡಿಮೆ, ಹಾಗಾಗಿ ನೀರಿನಡಿ ಹೆಚ್ಚು ಹೊತ್ತು ಇರಬಹುದು. ಚಾಲ್ತಿಯಲ್ಲಿರುವ ಒಂದು ಕೋಷ್ಟಕದ ಪ್ರಕಾರ 18 ಮೀಟರ್ ಆಳದಲ್ಲಿ ಗಾಳಿಗೆ 56 ನಿಮಿಷ ಮಿತಿಯಾದರೆ, ಶೇ 32ಕ್ಕೆ 95 ನಿಮಿಷ. ಲಾಭ ಹೊತ್ತಿನಲ್ಲಿ ಮಾತ್ರ, ಆಳದಲ್ಲಲ್ಲ. ಮೊದಲ ಸಲ 12 ಮೀಟರ್‌ವರೆಗೆ ಇಳಿದು ನೋಡುವ ಪ್ರವಾಸಿಗರಿಗೆ ಇದರ ಅಗತ್ಯವೇ ಇಲ್ಲ.

ಗರಿಷ್ಠ ಆಳದ ಲೆಕ್ಕ ಸರಳ. ಉಸಿರಾಡುವ ಆಮ್ಲಜನಕದ ಒತ್ತಡಕ್ಕೆ ಮಿತಿ 1.4 ಬಾರ್. ಆ 1.4ನ್ನು ಆಮ್ಲಜನಕದ ಪಾಲಿನಿಂದ (ಶೇ 32 ಎಂದರೆ 0.32) ಭಾಗಿಸಿ, 1 ಕಳೆದು, 10ರಿಂದ ಗುಣಿಸಬೇಕು. ಶೇ 32ಕ್ಕೆ 33 ಮೀಟರ್, ಶೇ 36ಕ್ಕೆ 28. ಮಿತಿ ಮೀರಿದರೆ ಮುನ್ಸೂಚನೆಯೇ ಇಲ್ಲದೆ ಅಪಸ್ಮಾರದಂತೆ ಸೆಳವು ಬರಬಹುದು. ಬಾಯಿಂದ ಉಸಿರಾಟದ ರೆಗ್ಯುಲೇಟರ್ ಕಳಚಿದರೆ ಮುಳುಗುವುದೇ ಗತಿ.

ಆದ್ದರಿಂದ ಸಿಲಿಂಡರಿನ ಚೀಟಿಯನ್ನು ನಂಬಬೇಡಿ. ಚೀಟಿಯಲ್ಲಿ 32 ಎಂದಿದ್ದು ಒಳಗೆ 40 ಇದ್ದರೆ ನಿಮ್ಮ ಮಿತಿ 33 ಅಲ್ಲ, 25 ಮೀಟರ್. ಆಮ್ಲಜನಕ ಅಳೆಯುವ ಅನಲೈಜರನ್ನು ಮೊದಲು ಬಯಲ ಗಾಳಿಯಲ್ಲಿ 20.9ಕ್ಕೆ ಹೊಂದಿಸಿ. ಸಿಲಿಂಡರಿನ ವಾಲ್ವ್ ಸ್ವಲ್ಪವೇ ತೆರೆದು ಗಾಳಿ ಮೆಲ್ಲಗೆ ಹರಿಯಲು ಬಿಡಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಅಂಕಿ ಓಲಾಡುತ್ತಲೇ ಇದ್ದರೆ ಸೆನ್ಸರ್ ಹಳತಾಗಿರಬಹುದು. ಬೇರೆ ಅನಲೈಜರಿನಲ್ಲಿ ಅಳೆಯಿರಿ. ಶೇಕಡಾವಾರು, ಗರಿಷ್ಠ ಆಳ, ದಿನಾಂಕ, ನಿಮ್ಮ ಹೆಸರು ಇಷ್ಟನ್ನೂ ಟೇಪಿನ ಮೇಲೆ ನೀವೇ ಬರೆದು ಅಂಟಿಸಿ. ತರಬೇತುದಾರರು ಅಳೆದಿದ್ದರೂ ಉಸಿರಾಡುವವರು ನೀವು.

ಆಮೇಲೆ ಆಳ, ಹೊತ್ತಿನ ಲೆಕ್ಕ ಇಡುವ ಡೈವ್ ಕಂಪ್ಯೂಟರಿಗೆ ಅದೇ ಶೇಕಡಾವಾರು ಅಂಕಿ ಕೊಡಿ. ಹೆಚ್ಚಿನವರು ಎಡವುವುದು ಇಲ್ಲೇ. ನಿನ್ನೆಯ 32 ಹಾಗೇ ಉಳಿದು ಇವತ್ತು ಮಾಮೂಲಿ ಗಾಳಿಯಲ್ಲಿ ಇಳಿದರೆ ಅದು ಸಾರಜನಕವನ್ನು ಕಡಿಮೆ ಲೆಕ್ಕ ಹಾಕುತ್ತದೆ, ಬೆಂಡ್ಸ್ (ಮೈಗೆ ಸೇರಿದ ಸಾರಜನಕ ಗುಳ್ಳೆಗಳಾಗಿ ಕಾಡುವ ತೊಂದರೆ) ಬರುವ ಸಂಭವ ಹೆಚ್ಚುತ್ತದೆ. ನೈಟ್ರಾಕ್ಸ್‌ನಲ್ಲಿ ಇಳಿಯುವಾಗ 21ರಲ್ಲೇ ಉಳಿದಿದ್ದರೆ ಆಮ್ಲಜನಕದ ಎಚ್ಚರಿಕೆ ಸಮಯಕ್ಕೆ ಸಿಗುವುದಿಲ್ಲ.

ತುಂಬುವವರಿಗೂ ಒಂದು ಮಾತು. ಶುದ್ಧ ಆಮ್ಲಜನಕ ಹಾಕಿ ಮೇಲೆ ಗಾಳಿ ಸೇರಿಸುವುದಾದರೆ ಸಿಲಿಂಡರ್, ವಾಲ್ವ್‌ಗಳಲ್ಲಿ ಎಣ್ಣೆ ಜಿಡ್ಡಿನ ಲೇಶವೂ ಇರಕೂಡದು. ಬೆಂಕಿ ಹೊತ್ತಿಕೊಳ್ಳುತ್ತದೆ.

ನೇತ್ರಾಣಿಗೆ ಬರುವ ಬಹಳಷ್ಟು ಮಂದಿ ಅದೇ ರಾತ್ರಿ ಘಟ್ಟ ಹತ್ತಿ ಬೆಂಗಳೂರಿಗೆ ಹೊರಡುತ್ತಾರೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಮೇಲೇರಿದಂತೆ ಗಾಳಿಯ ಒತ್ತಡ ತಗ್ಗಿ ಬೆಂಡ್ಸ್ ಬರಬಹುದು. ಹಾಗಾಗಿ 600 ಮೀಟರಿಗಿಂತ ಮೇಲೇರುವುದನ್ನು ವಿಮಾನ ಪ್ರಯಾಣದಂತೆಯೇ ಎಣಿಸಬೇಕು: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಆಗಿದ್ದರೆ 18 ಗಂಟೆ ಕರಾವಳಿಯಲ್ಲೇ ತಂಗಬೇಕು. ನೈಟ್ರಾಕ್ಸ್ ಬಳಸಿದ ಮಾತ್ರಕ್ಕೆ ಈ ಅವಧಿ ತಗ್ಗುವುದಿಲ್ಲ. ಬಸ್ಸಿನ ಟಿಕೆಟನ್ನು ಮರುದಿನ ರಾತ್ರಿಗೇ ಕಾಯ್ದಿರಿಸಿ.

– ಸ್ಕೂಬಾ ತರಬೇತುದಾರ, ಭಟ್ಕಳ