ಡ್ರಮ್ಮರ್ ಗೈರಾಗಿರಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ನಗರ ಪುಟದಲ್ಲಿ ಬಂದ ರಾಕ್ ಸಂಜೆಯ ವರದಿಯ ಬಗ್ಗೆ ಈ ಪತ್ರ. ‘ಡ್ರಮ್ಮರ್ ಗೈರಾಗಿದ್ದರಿಂದ ತಂಡ ರೆಕಾರ್ಡ್ ಮಾಡಿಟ್ಟ ತಾಳಕ್ಕೆ ಹಾಡಿತು’ ಎಂದು ಅದರಲ್ಲಿದೆ. ಮರುಸಾಲಿನಲ್ಲೇ ‘ಹೊಗೆ, ಕಪ್ಪು ಬಟ್ಟೆ, ಹೆವಿ ಮೆಟಲ್ ಗದ್ದಲ’ ಎಂದೂ ಇದೆ. ಅಂದು ನುಡಿಸಿದ್ದು ಗಾಥಿಕ್ ರಾಕ್, ಮಂಕು ಕವಿದ ಭಾವದ ಬೇರೆಯೇ ಒಂದು ರಾಕ್ ಪ್ರಕಾರ. ಡ್ರಮ್ಮರ್ ವೇದಿಕೆಯ ಎಡಗಡೆ ಮೇಜಿನ ಮೇಲೆಯೇ ಇದ್ದ, ಡ್ರಮ್ ಮಷೀನಿನ ರೂಪದಲ್ಲಿ; ಅಂದರೆ ನಾವು ತುಂಬಿಟ್ಟ ತಾಳವನ್ನು ತಾನೇ ಬಾರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಗದ್ದಲ ಇದ್ದದ್ದು ಮಾತ್ರ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಅದರ ಕಾರಣ ಬೇರೆ, ಮುಂದೆ ಹೇಳುತ್ತೇವೆ.

ಸಂಗೀತ ಕಛೇರಿಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ಮೀಟುತ್ತಿದ್ದರೆ ‘ತಂಬೂರಿಯವರು ಗೈರು’ ಎಂದು ಯಾರೂ ಬರೆಯುವುದಿಲ್ಲ. ಆ ಪೆಟ್ಟಿಗೆಗೆ ಹೆಸರಾದ ರೇಡೆಲ್ ಕಂಪನಿ ನಮ್ಮ ಬೆಂಗಳೂರಿನದೇ. ಡ್ರಮ್ ಮಷೀನಿಗೂ ಅಷ್ಟೇ ಮರ್ಯಾದೆ ಸಾಕು.

ಈ ಪದ್ಧತಿಗೆ ಮೇಲ್ಪಂಕ್ತಿ ಹಾಕಿದ್ದು ಇಂಗ್ಲೆಂಡಿನ ಲೀಡ್ಸ್ ಊರಿನ ‘ದಿ ಸಿಸ್ಟರ್ಸ್ ಆಫ್ ಮರ್ಸಿ’. ಆಂಡ್ರ್ಯೂ ಎಲ್ಡ್ರಿಚ್ ಮತ್ತು ಗ್ಯಾರಿ ಮಾರ್ಕ್ಸ್ 1980ರಲ್ಲಿ ಕಟ್ಟಿದ ತಂಡ ಅದು. ಹೆಸರು ಲಿಯೊನಾರ್ಡ್ ಕೋಹೆನ್ ಅವರ ಹಾಡೊಂದರಿಂದ ಎತ್ತಿದ್ದು. ‘ಮರ್ಸಿಫುಲ್ ರಿಲೀಸ್’ ಎಂಬ ಸ್ವಂತ ರೆಕಾರ್ಡ್ ಲೇಬಲ್ ಮಾಡಿಕೊಂಡು ಮೊದಲ ಸಿಂಗಲ್‌ನ (ಕೆಲವೇ ಹಾಡುಗಳ ಚಿಕ್ಕ ರೆಕಾರ್ಡಿನ) 1,000 ಪ್ರತಿ ಒತ್ತಿಸಿದರು. ಅದರಲ್ಲಿ ಡ್ರಮ್ಸ್ ಬಾರಿಸಿದ್ದು ಎಲ್ಡ್ರಿಚ್. ಅವರು ಹಾಡಲು ಮುಂದೆ ಬಂದಾಗ ಹಿಂದಿನ ಜಾಗ ತೆರವಾಯಿತು. ಅಲ್ಲಿಗೆ ಬಂದದ್ದು ಬಾಸ್ ಕಂಪನಿಯ ಡಿಆರ್-55 ಎಂಬ ಪುಟ್ಟ ಪೆಟ್ಟಿಗೆ. ಅದಕ್ಕೆ ‘ಡಾಕ್ಟರ್ ಆವಲಾಂಚ್’ ಎಂದು ನಾಮಕರಣ ಮಾಡಿ ತಂಡದ ಸದಸ್ಯನೆಂದೇ ಲೆಕ್ಕಕ್ಕೆ ಹಿಡಿದರು.

ಆಮೇಲೆ ಮನುಷ್ಯರು ಬಂದರು, ಹೋದರು. 1985ರ ಮಾರ್ಚ್‌ನಲ್ಲಿ ಮೊದಲ ಆಲ್ಬಂ ಬಂತು. ಅದೇ ಜೂನ್ 18ಕ್ಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದ ಮೇಲೆ ಆ ತಂಡ ಒಡೆಯಿತು. ಗಿಟಾರಿನ ವೇಯ್ನ್ ಹಸ್ಸಿ ಮತ್ತು ಬೇಸ್‌ನ ಕ್ರೇಗ್ ಆಡಮ್ಸ್ ಹೊರಬಿದ್ದು ‘ದಿ ಮಿಷನ್’ ಕಟ್ಟಿದರು. 1987ರಲ್ಲಿ ಎರಡನೆಯದು, 1990ರಲ್ಲಿ ಮೂರನೆಯದು ಬಂದಮೇಲೆ ಸ್ಟುಡಿಯೊ ಆಲ್ಬಂ ಬಂದೇ ಇಲ್ಲ. ಉಳಿದುಕೊಂಡವರು ಇಬ್ಬರೇ, ಎಲ್ಡ್ರಿಚ್ ಮತ್ತು ಡಾಕ್ಟರ್. ಡಾಕ್ಟರ ಒಡಲು ಮಾತ್ರ ಬದಲಾಗುತ್ತ ಬಂದಿದೆ: ರೋಲ್ಯಾಂಡ್ ಟಿಆರ್-808, ಒಬರ್‌ಹೈಮ್ ಡಿಎಂಎಕ್ಸ್, ಹೀಗೆ. ತಮಾಷೆಯೆಂದರೆ, ತಮ್ಮ ತಂಡವನ್ನು ಗಾಥಿಕ್ ಎಂದು ಕರೆದರೆ ಎಲ್ಡ್ರಿಚ್ ಅವರಿಗೆ ಇಂದಿಗೂ ಆಗಿಬರುವುದಿಲ್ಲ. ಆ ಹೆಸರು ಅವರಿಗಿಂತ ಹಳೆಯದು. 1967ರಲ್ಲೇ ಅಮೆರಿಕದ ವಿಮರ್ಶಕರೊಬ್ಬರು ‘ದಿ ಡೋರ್ಸ್’ ತಂಡದ ಸಂಗೀತಕ್ಕೆ ಅದನ್ನು ಅಂಟಿಸಿದ್ದರು.

ಗಾಥಿಕ್ ಎಂದಕೂಡಲೇ ಯಂತ್ರ ಇರಲೇಬೇಕೆಂದೇನೂ ಇಲ್ಲ. ನಾರ್ಥಾಂಪ್ಟನ್ ಊರಿನ ‘ಬೌಹೌಸ್’ ತಂಡ 1979ರ ಜನವರಿಯಲ್ಲಿ ಧ್ವನಿಮುದ್ರಿಸಿದ ಮೊದಲ ಸಿಂಗಲ್ ಒಂಬತ್ತು ನಿಮಿಷಕ್ಕಿಂತ ಉದ್ದ. ಅದರಲ್ಲಿ ಕೆವಿನ್ ಹ್ಯಾಸ್ಕಿನ್ಸ್ ಕೈಯಲ್ಲೇ ಬಾರಿಸಿದ್ದಾರೆ, ಅದೂ ಬ್ರೆಜಿಲಿನ ಬೋಸ ನೋವಾ ನಡೆಯಲ್ಲಿ. ಹಾಡುಗಾರ ಬಾಯಿ ತೆರೆಯುವ ಹೊತ್ತಿಗೆ ಎರಡು ನಿಮಿಷ ಕಳೆದಿರುತ್ತದೆ. ಅಲ್ಲಿಯವರೆಗೆ ಕೋಲಿನ ಟಿಕ್‌ಟಿಕ್, ಮೆಟ್ಟಿಲಿಳಿದಂತೆ ಇಳಿಯುವ ಬೇಸ್ (ಕೆಳಸ್ವರದ ಗಿಟಾರ್), ಎಕೋದಲ್ಲಿ ಚದುರುವ ಗಿಟಾರ್, ನಡುವೆ ಬೇಕಾದಷ್ಟು ಖಾಲಿ ಜಾಗ. ಗಾಥಿಕ್ ರಾಕ್‌ನ ಜೀವ ಆ ಖಾಲಿ ಜಾಗದಲ್ಲಿದೆ. ಮೆಟಲ್‌ನಲ್ಲಿ ಗಿಟಾರ್ ಗೋಡೆ ಕಟ್ಟುತ್ತದೆ, ಬೇಸ್ ಅದಕ್ಕೆ ಪಾಯ. ಇಲ್ಲಿ ರಾಗ ಎಳೆಯುವುದೇ ಬೇಸ್; ಗಿಟಾರ್ ತಂತಿಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುತ್ತದೆ.

2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಎಂಬ ಮೆಟಲ್ ತಂಡಗಳು ಅರಮನೆ ಮೈದಾನಕ್ಕೆ ಬಂದ ಊರು ನಮ್ಮದು. ಕಪ್ಪು ಅಂಗಿ ಕಂಡರೆ ಮೆಟಲ್ ಎನ್ನುವುದು ಇಲ್ಲಿ ಸಹಜ. ವರದಿಗಾರರು ಹಾಗೆಂದರೆ ಒಂದು ಸಾಲು ತಪ್ಪಾಗುತ್ತದೆ, ಅಷ್ಟೇ. ಸೌಂಡ್‌ನವರೂ ಹಾಗೇ ತಿಳಿದರೆ ಇಡೀ ಸಂಜೆ ಕೆಡುತ್ತದೆ. ಅಂದು ಆದದ್ದು ಅದೇ. ಮುಂದಿನ ಮಾತು ಸೌಂಡ್‌ನವರಿಗೂ ಸೇರಿದ್ದು.

ಮಷೀನ್ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಡಿಆರ್-55ರಲ್ಲಿ ಇದ್ದದ್ದು ನಾಲ್ಕೇ ಸದ್ದು: ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಸ್ನೇರ್ (ಚಟ್ ಎನ್ನುವ ಚಿಕ್ಕ ಡ್ರಮ್), ರಿಮ್ (ಡ್ರಮ್ಮಿನ ಅಂಚಿನ ಪೆಟ್ಟು), ಹೈಹ್ಯಾಟ್ (ಜೋಡಿ ಲೋಹದ ತಟ್ಟೆ). ಒಂದು ಆವರ್ತಕ್ಕೆ 16 ಮನೆ. ಆದಿತಾಳದ ಎಂಟು ಅಕ್ಷರವನ್ನು ಎರಡೆರಡಾಗಿ ಒಡೆದರೆ ಎಷ್ಟೋ ಅಷ್ಟು. ಕಿಕ್, ಸ್ನೇರ್, ರಿಮ್‌ಗಳಿಗೆ ಯಾವ ಮನೆಗೆ ಪೆಟ್ಟು, ಯಾವುದು ಖಾಲಿ ಎಂದು ಒಂದೊಂದಾಗಿ ತುಂಬಬೇಕು. 1, 9ಕ್ಕೆ ಕಿಕ್, 5, 13ಕ್ಕೆ ಸ್ನೇರ್, ಬೆಸ ಮನೆಗಳಿಗೆಲ್ಲ ಹೈಹ್ಯಾಟ್ ಬರುವಂತೆ ಮಾಡಿದರೆ ಬುನಾದಿ ಸಿದ್ಧ. ನಿಮಿಷಕ್ಕೆ 125 ಬಡಿತದ ವೇಗದಲ್ಲಿ ಒಂದು ಬಡಿತ 480 ಮಿಲಿಸೆಕೆಂಡ್, ಒಂದು ಮನೆ 120. ಈ 120ನ್ನು ನೆನಪಿಟ್ಟುಕೊಳ್ಳಿ.

ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ವೇದಿಕೆಯಿಂದ ಹಿಂಗೋಡೆ 20 ಮೀಟರ್ ದೂರ ಇದ್ದರೆ, ಹೋಗಿ ಬರಲು 40 ಮೀಟರ್, ಅಂದರೆ ಸುಮಾರು 116 ಮಿಲಿಸೆಕೆಂಡ್. ಟೈಲ್ಸ್ ನೆಲ, ಬರಿಗೋಡೆಯ ಸಭಾಂಗಣದಲ್ಲಿ ಪ್ರತಿ ಸ್ನೇರ್ ಪೆಟ್ಟೂ ಮುಂದಿನ ಮನೆಗೆ ವಾಪಸಾಗಿ ಬೀಳುತ್ತದೆ. ವೇದಿಕೆಯಲ್ಲಿ ಮಾನಿಟರ್ (ನುಡಿಸುವವರ ಕಡೆಗೆ ಮುಖಮಾಡಿದ ಸ್ಪೀಕರ್) ಇಲ್ಲದಿದ್ದರೆ ಗಿಟಾರಿನವರು ಆ ಮರುಪೆಟ್ಟನ್ನೇ ಹಿಡಿದು ನುಡಿಸುತ್ತಾರೆ. ಮನುಷ್ಯ ಡ್ರಮ್ಮರ್ ಆದರೆ ಕಣ್ಸನ್ನೆ ನೋಡಿ ಒಂದಿಷ್ಟು ಕಾದಾನು. ಮಷೀನ್ ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಮಷೀನಿನ ಸದ್ದು ಪ್ರತಿಯೊಬ್ಬರ ಕಾಲಬಳಿಯ ಮಾನಿಟರಿಗೂ, ಒಂದು ಒಂದೂವರೆ ಮೀಟರ್ ಅಂತರದಲ್ಲಿ, ಬೇರೆಲ್ಲಕ್ಕಿಂತ ಜೋರಾಗಿ ಬರಬೇಕು.

ಎರಡನೆಯದು ಗಿಟಾರಿನ ಡಿಲೇ, ಅಂದರೆ ನುಡಿಸಿದ್ದನ್ನು ತಡಮಾಡಿ ಮತ್ತೆ ಕೇಳಿಸುವ ಸಾಧನ. ಒಂದು ನಿಮಿಷದ 60,000 ಮಿಲಿಸೆಕೆಂಡನ್ನು ವೇಗದಿಂದ ಭಾಗಿಸಿ, ಅದರ ಮುಕ್ಕಾಲು ಇಟ್ಟರೆ ತಾಳಕ್ಕೆ ಸೇರುತ್ತದೆ. 125ಕ್ಕೆ 360 ಮಿಲಿಸೆಕೆಂಡ್. ಅಂದಾಜಿನಲ್ಲಿ 400 ಇಟ್ಟರೆ ಮೊದಲ ಮರುದನಿ 40 ತಡ, ಎರಡನೆಯದು 80 ತಡ. ಯಾವ ಮನೆಗೂ ಸೇರದೆ ನಡುವೆ ಉದುರುತ್ತವೆ. ಇದರ ಮೇಲೆ ಮಿಕ್ಸರಿನಿಂದ ರಿವರ್ಬ್ (ಕೃತಕ ಮೊಳಗು) ಬೇರೆ ಸುರಿದರೆ ನಿಮ್ಮ ವರದಿಗಾರರು ಕೇಳಿದ ಗದ್ದಲ ತಯಾರು. ಗೋಡೆಗಳೇ ಮೊಳಗುವ ಜಾಗದಲ್ಲಿ ರಿವರ್ಬ್ ತೆಗೆದೇಬಿಡಿ. ಮೆಟಲ್‌ಗೆ ಮಾಡುವಂತೆ ಕಿಕ್‌ನ 4 ಕಿಲೋಹರ್ಟ್ಸ್ ಸುತ್ತಿನ ಚಟಚಟ ಏರಿಸಬಾರದು. ಗಾಯಕರು ಗಡಸು ದನಿಯಲ್ಲಿ ಮೈಕ್‌ಗೆ ತುಟಿ ತಾಗಿಸಿ ಹಾಡುವುದರಿಂದ ಕೆಳದನಿ ತಾನಾಗಿ ಉಬ್ಬುತ್ತದೆ. 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, 200–300ರ ನಡುವೆ ಸ್ವಲ್ಪ ಇಳಿಸಿದರೆ ಮಾತು ಕೇಳಿಸುತ್ತದೆ.

ಡ್ರಮ್ ಮಷೀನನ್ನು ಗಿಟಾರ್ ಆಂಪ್‌ಗೆ (ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆಗೆ) ಚುಚ್ಚಬೇಡಿ. ಅದರ ಸ್ಪೀಕರ್ ಕಿಕ್‌ನ ಆಳವನ್ನೂ ಹೈಹ್ಯಾಟಿನ ಮಿನುಗನ್ನೂ ಎರಡನ್ನೂ ನುಂಗುತ್ತದೆ. ಪಕ್ಕದಲ್ಲೇ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಇಟ್ಟು, ಅಲ್ಲಿಂದ ಎಕ್ಸ್‌ಎಲ್‌ಆರ್ (ಮೈಕಿನ) ಕೇಬಲ್ಲಿನಲ್ಲಿ ಮಿಕ್ಸರಿಗೆ ಒಯ್ಯಿರಿ. ಗುಂಯ್ ಎಂದರೆ ಡಿಐನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವವರಿದ್ದಾರೆ. ಗಿಟಾರ್ ಹಿಡಿದು ಮೈಕ್‌ಗೆ ತುಟಿ ಕೊಡುವ ಹಾಡುಗಾರನಿಗೆ ಅದು ಜೀವಕ್ಕೇ ಅಪಾಯ.

ಇನ್ನು ಹೊಗೆ. ಸಾಮ್ರಾಣಿ ಹಾಕಿದ ಮನೆಯಲ್ಲಿ ಬೆಳೆದವರು ಇದಕ್ಕೆ ಬೆಚ್ಚಬೇಕಿಲ್ಲ. ಆದರೆ ದೊಡ್ಡ ಫಾಗ್ ಮಷೀನಿನ (ಹೊಗೆ ಯಂತ್ರದ) ಹೀಟರ್ 1,000 ವಾಟ್ ಅಥವಾ ಅದಕ್ಕೂ ಹೆಚ್ಚು ಎಳೆಯುತ್ತದೆ. ಅದನ್ನೂ ಡ್ರಮ್ ಮಷೀನನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದರೆ, ಹೀಟರ್ ಆನ್ ಆದಾಗಲೆಲ್ಲ ವೋಲ್ಟೇಜ್ ಕುಗ್ಗಿ ಡ್ರಮ್ ಮಷೀನ್ ಹಾಡಿನ ನಡುವೆ ರೀಸೆಟ್ ಆಗುವ ಸಂಭವವಿದೆ. ಹೊಗೆಗೆ ಬೇರೆ ಲೈನ್, ಡ್ರಮ್ ಮಷೀನಿಗೆ 600 ವಿಎ ಯುಪಿಎಸ್ ಕೊಡಿ. ದೀಪ ಹೊಗೆಯ ಹಿಂದಿನಿಂದ ಬರಬೇಕು. ಮುಂದಿನಿಂದ ಬಿಟ್ಟರೆ ಬಿಳಿ ಗೋಡೆ ಕಾಣುತ್ತದೆಯೇ ಹೊರತು ಆಕೃತಿ ಕಾಣುವುದಿಲ್ಲ. ಸಭಾಂಗಣದ ಸ್ಮೋಕ್ ಡಿಟೆಕ್ಟರ್ ಬಗ್ಗೆ ಆಡಳಿತದವರಿಗೆ ಮೊದಲೇ ತಿಳಿಸಿರಬೇಕು. ಫಾಗ್ ದ್ರವ ನೆಲದ ಮೇಲೆ ಕೂತು ಜಾರುವಂತೆ ಮಾಡುತ್ತದೆ, ಒಂದು ಒಣಬಟ್ಟೆ ಹತ್ತಿರವಿರಲಿ. ಬಯಲಿನಲ್ಲಾದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. ಆ ತರಾತುರಿಯಲ್ಲಿ ಮೊದಲು ಬಲಿಯಾಗುವುದೇ ಸೌಂಡ್ ಚೆಕ್. ಡ್ರಮ್ ಮಷೀನಿಗೆಂದೇ 20 ನಿಮಿಷ ತೆಗೆದಿಡಿ.

ಸಿಸ್ಟರ್ಸ್ ಆಫ್ ಮರ್ಸಿ ತಂಡದಲ್ಲಿ ವೇದಿಕೆಯ ಮೇಲೆ ಮಷೀನ್ ನೋಡಿಕೊಳ್ಳುವವರಿಗೆ ‘ಡಾಕ್ಟರ ನರ್ಸ್’ ಎಂಬ ಅಧಿಕೃತ ಪದವಿಯೇ ಇದೆ. ಅಂದಿನ ಸಂಜೆ ಎಡಗಡೆಯ ಮೇಜಿನ ಹಿಂದೆ ಒಬ್ಬ ಹುಡುಗಿ ಕೂತು, ಹಾಡಿನಿಂದ ಹಾಡಿಗೆ ವೇಗ ಬದಲಿಸಿ ಕೊಡುತ್ತಿದ್ದರು. ನಿಮ್ಮ ವರದಿಯಲ್ಲಿ ಹಾಡುಗಾರ, ಗಿಟಾರಿನ ಇಬ್ಬರು, ಬೇಸ್‌ನವರು, ನಿರೂಪಕರು ಎಲ್ಲರ ಹೆಸರೂ ಇದೆ, ಅವರದೊಂದನ್ನು ಬಿಟ್ಟು. ತಿದ್ದುಪಡಿ ಹಾಕುವುದಾದರೆ ‘ಡ್ರಮ್ಸ್’ ಎಂಬುದರ ಮುಂದೆ ಆ ಹೆಸರು ಬರಲಿ.

— ನಗರದ ಕೆಲವು ಗಾಥಿಕ್ ರಾಕ್ ಕೇಳುಗರು ಮತ್ತು ಸೌಂಡ್ ಕೆಲಸದವರು, ಬೆಂಗಳೂರು