ಅಸ್ಕ್ಯಾಗೆ ಹೊರಡುವ ಮುಂಚೆ

ಐಸ್‌ಲ್ಯಾಂಡಿನ ಅಸ್ಕ್ಯಾ ಜ್ವಾಲಾಮುಖಿಗೆ ಬರುವವರೆಲ್ಲ ದಯವಿಟ್ಟು ಇದನ್ನು ಓದಿ. ಅಲ್ಲಿಗೆ ಹೋಗುವ ಬೆಟ್ಟದ ರಸ್ತೆಗಳು ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತವೆ. ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು.

ಅಲ್ಲಿರುವ ಸರೋವರದ ಫೋಟೋ ತೆಗೆದು ಸುಮ್ನೆ ವಾಪಸ್ ಬರಬೇಡಿ. ಅದು ಹುಟ್ಟಿದ ರೀತಿಯೇ ಅದ್ಭುತ. 1875ರ ಸ್ಫೋಟದಲ್ಲಿ ನೆಲದಡಿಯ ಶಿಲಾರಸ ಹೊರಬಿತ್ತು. ಆಸರೆ ತಪ್ಪಿದ ಮೇಲಿನ ನೆಲ ಕುಸಿಯಿತು. ಅದೂ ಒಂದೇ ದಿನದಲ್ಲಲ್ಲ, ವರ್ಷಗಟ್ಟಲೆ ಕುಸಿಯುತ್ತಲೇ ಹೋಯಿತು! ಆ ತಗ್ಗಿನಲ್ಲಿ ಈಗ 200 ಮೀಟರಿಗೂ ಜಾಸ್ತಿ ಆಳದ ನೀರಿದೆ. ಸುತ್ತ ಕಪ್ಪು ಲಾವಾದ ಮೇಲೆ ತಿಳಿ ಬಣ್ಣದ ಹಗುರ ಕಲ್ಲು ಕಂಡರೆ ಕೈಗೆತ್ತಿಕೊಂಡು ನೋಡಿ. ತುಂಬ ತೂತುಗಳಿರುತ್ತವೆ. ಅನಿಲ ತುಂಬಿದ ಶಿಲಾರಸ ನೊರೆಯಾಗಿ ಗಟ್ಟಿಯಾದ ಗುರುತು ಅದು.

2014ರಲ್ಲಿ ಗುಡ್ಡ ಜಾರಿ ಸರೋವರಕ್ಕೆ ಬಿದ್ದು ಭಾರಿ ಅಲೆಗಳೆದ್ದಿದ್ದವು. ನೀರಿನ ಅಂಚಿಗೆ ಯಾರೂ ಇಳಿಯಬೇಡಿ.